ನಳಕ್ಕೆ ನೀರು ಬರುವ ದಿನವನ್ನು ಗುಟ್ಟಾಗಿ ಇಡುವ ಕುರಿತು

ಕಚೇರಿ: ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ (ಯಾವ ಬದಿಗೆ ಎಂಬುದು ಗೌಪ್ಯ)

ಸಂಖ್ಯೆ: ನೀಬಿ/ಗುಟ್ಟು/ಹೇಳುವಂತಿಲ್ಲ/೨೦೦೭-೦೮
ದಿನಾಂಕ: ೧೦-೦೯-೨೦೦೭

ವಿಷಯ: ನೀರು ಯಾವತ್ತು ಬರುತ್ತದೆ ಎಂದು ಸಾರ್ವಜನಿಕರು ತಿಳಿದುಕೊಳ್ಳುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: ೧) ಪಂಚರ್ ಅಂಗಡಿಯ ಶ್ರೀಶೈಲ ಎಂಬಾತನ ಮಾಹಿತಿ ಹಕ್ಕು ಅರ್ಜಿ, ದಿ. ೧೧-೦೬-೨೦೦೭.
೨) ಸದರಿ ಅರ್ಜಿಗೆ ಈ ಕಚೇರಿಯ ಮೌನ, ದಿ. ೧೨-೦೬-೨೦೦೭ ರಿಂದ ೦೮-೦೭-೨೦೦೭ ರವರೆಗೆ.

ಪ್ರಸ್ತಾವನೆ:

ಉಲ್ಲೇಖ ೧ರ ದಿನದಂದು ಕಚೇರಿಯ ಕಿಟಕಿಯ ಮುಂದೆ ಹದಿನಾಲ್ಕು ಜನ ಪಾಳಿ ಹಚ್ಚಿ ನಿಂತಿದ್ದಾಗ, ಗುಮಾಸ್ತರಾದ ಶ್ರೀ ದುಂಡಪ್ಪನವರು ಶ್ರೀಶೈಲನ ಅರ್ಜಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಏಳನೇತ್ತೆ ದಾಟದಾಂವ ಸರಕಾರಕ್ಕ ಪ್ರಶ್ನಿ ಕೇಳಾಕ ಬಂದಾನ ನೋಡ್ರಿ! ಲೇ, ಟೂಬಿಗೆ ಗಾಳಿ ಹೊಡಿಯೂದ ಬಿಟ್ಟು, ನೀರ ಯಾವತ್ತ ಬರತೈತಿ ಅಂತ ತಿಳಕೊಂಡ ಏನ್ ಮಾಡ್ತಿ?" ಎಂದು ವಿಚಾರಿಸಿದರು. ಇದು ನಿಂದನೆಯಲ್ಲ, ಅರ್ಜಿಯ ಪ್ರಾಥಮಿಕ ಪರಿಶೀಲನೆ. ಪಾಳಿಯಲ್ಲಿದ್ದ ಲಗಮವ್ವ ಎಂಬ ಮುದುಕಿಯು "ನೀರ ತುಂಬತಾನೋ ಯಪ್ಪಾ! ಮತ್ತೇನ, ನಿನಗ ಜಳಕಾ ಮಾಡಸ್ತಾನ?" ಎಂದದ್ದರಿಂದ ಜನ ನಕ್ಕರು. ಸದರಿ ನಗುವನ್ನು ಕಡತಕ್ಕೆ ಸೇರಿಸಿಲ್ಲ. ಶ್ರೀಶೈಲ ಮಾತ್ರ ನಗಲಿಲ್ಲ. ಆತನ ಕಿವಿ ಕೆಂಪಾದದ್ದು ಕಚೇರಿಯ ಗಮನಕ್ಕೆ ಬಂದಿದೆ.

ನೀರು ಬರುವ ದಿನವನ್ನು ತಿಳಿಸಿದರೆ ದೇಶದ ಭದ್ರತೆಗೆ ಧಕ್ಕೆಯಾಗುವುದೆಂದು ದಿ. ೦೯-೦೭ರಂದು ಆತನಿಗೆ ಉತ್ತರ ಕೊಡಲಾಯಿತು. ಇಷ್ಟಕ್ಕೆ ಆತ ಸುಮ್ಮನಾಗಬೇಕಿತ್ತು. ಆಗಲಿಲ್ಲ.

ಆತನ ತಂಗಿ ಅನ್ನಪೂರ್ಣಾ ಹತ್ತನೇತ್ತೆಯಲ್ಲಿ ಓದುತ್ತಿದ್ದು, ತಾಯಿ ಮಾರ್ಕೆಟ್ಟಿನಲ್ಲಿ ಕಾಳು ಹಸನು ಮಾಡಲು ಹೋಗುವುದರಿಂದ ನಳ ಕಾಯುವ ಕೆಲಸ ಹುಡುಗಿಯದು. ಹೀಗೇ ಗೈರು ಬಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಶಾಲೆಯ ಅಕ್ಕೋರು ಅಣ್ಣನನ್ನು ಕರೆಸಿ, ರಜಾಚೀಟಿಗಳ ಕಟ್ಟನ್ನು ಮುಂದಿಟ್ಟರು. ಅನ್ನಪೂರ್ಣಾಳ ಚೀಟಿ ಹತ್ತೊಂಬತ್ತು. ಏಳರಲ್ಲಿ "ನೀರು ಬಂದದ್ದರಿಂದ ಶಾಲೆಗೆ ಬಂದಿಲ್ಲ" ಎಂದಿತ್ತು. ಹನ್ನೆರಡರಲ್ಲಿ "ನೀರು ಬರಬಹುದೆಂದು ಶಾಲೆಗೆ ಬಂದಿಲ್ಲ" ಎಂದಿತ್ತು.

ಅದೇ ಕಟ್ಟಿನಲ್ಲಿ ಬೇರೆ ಓಣಿಗಳ ಹುಡುಗಿಯರ ಚೀಟಿಗಳೂ ಇದ್ದವು. ಸದರಿಯವನು "ಬಂದದ್ದರಿಂದ" ಎಂಬ ಚೀಟಿಗಳನ್ನಷ್ಟೇ ಆರಿಸಿ, ತಾರೀಖಿಗೆ ತಾರೀಖು ಹಚ್ಚಿ ನೋಡಿ, ಈ ಕಚೇರಿಗೇ ಗೊತ್ತಿರದಿದ್ದ ಎಂಟು ದಿನದ ಪಾಳಿಯನ್ನು ಹೊರಗೆಳೆದು, ದಿ. ೧೩-೦೮ರಂದು ತನ್ನ ಅಂಗಡಿಯ ಗೋಡೆಯ ಮೇಲೆ ಓಣಿವಾರು ಕೆಂಪು ಬಣ್ಣದಲ್ಲಿ ಬರೆದನು. ಅವರ ಓಣಿಯ ಪಾಳಿ ಬಂದ ದಿನ ಆತನೇ ಅಂಗಡಿ ಮುಚ್ಚಿ ಕೊಡ ಹಿಡಿದು ನಿಂತನು. ಹುಡುಗಿ ಶಾಲೆಗೆ ಹೋದಳು. ಪರಿಸ್ಥಿತಿ ಹೀಗೆ ಕೈಮೀರುತ್ತಿರುವುದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. ನೀರು ಬರುವ ದಿನ ಗುಟ್ಟಾಗಿರತಕ್ಕದ್ದು. ಬಂದ ನಂತರವೂ ಅದು ಬಂದಿದೆಯೆಂದು ಮೂರು ದಿನಗಳವರೆಗೆ ಯಾರೂ ಖಚಿತಪಡಿಸಿಕೊಳ್ಳತಕ್ಕದ್ದಲ್ಲ.

೨. ನೀರು ಬರುವ ಮುನ್ನ ನಳವು ಸುಂಯ್ ಎಂದು ಉಸಿರು ಬಿಡುವುದು ಅನಧಿಕೃತ ಮಾಹಿತಿ ಸೋರಿಕೆ. ಸದ್ದು ಕೇಳಿದವರು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಉಳಿದ ಕೈಯಿಂದ ಕಚೇರಿಗೆ ಬರೆದು ತಿಳಿಸತಕ್ಕದ್ದು.

೩. ನೀರು ಬಿಡುವ ದಾವಲಸಾಬರು ಆಳೆತ್ತರದ ಕಬ್ಬಿಣದ ಚಾವಿ ಹೊತ್ತು ಹೊರಟರೆ ಹೆಂಗಸರು ಕೊಡ ತೊಳೆಯುತ್ತಿದ್ದಾರೆ. ಇನ್ನು ಮೇಲೆ ಚಾವಿಯನ್ನು ಕಬ್ಬಿನ ಜಲ್ಲೆಗಳ ನಡುವೆ ಕಟ್ಟಿ ಒಯ್ಯತಕ್ಕದ್ದು. "ಏನ್ ಚಾಚಾ, ಇವತ್ತ ನಮ್ಮ ಕಡೆ ಏನು?" ಎಂದು ಕೇಳಿದವರಿಗೆ "ಇಲ್ಲವ್ವಾ, ಮಗಳ ಮನಿಗೆ ಹೊಂಟೇನಿ" ಎನ್ನತಕ್ಕದ್ದು. ದಾವಲಸಾಬರಿಗೆ ಮಗಳಿಲ್ಲ ಎಂಬುದು ಊರಿಗೇ ಗೊತ್ತಿರುವುದರಿಂದ, ಅದನ್ನೂ ಇಂದಿನಿಂದ ಗೌಪ್ಯವೆಂದು ಘೋಷಿಸಲಾಗಿದೆ.

೪. ಪಾಳಿಯ ಪಟ್ಟಿ ಯಾವ ಕಡತದಲ್ಲಿಯೂ ಇಲ್ಲದೆ ದಾವಲಸಾಬರ ತಲೆಯಲ್ಲಿ ಮಾತ್ರ ಇರುವುದರಿಂದ, ಸದರಿ ತಲೆಯು ಸರಕಾರಿ ದಾಖಲೆಯಾಗಿರುತ್ತದೆ. ಸಂಜೆ ಅದನ್ನು ಮನೆಗೆ ಒಯ್ಯುವಾಗ ವಹಿಯಲ್ಲಿ ಸಹಿ ಮಾಡತಕ್ಕದ್ದು. ಕ್ಷೌರಕ್ಕೆ ಪೂರ್ವಾನುಮತಿ ಕಡ್ಡಾಯ.

೫. ರಜಾಚೀಟಿಯಲ್ಲಿ "ನೀರು" ಎಂಬ ಪದವನ್ನು ಬಳಸತಕ್ಕದ್ದಲ್ಲ, "ಹೊಟ್ಟೆನೋವು" ಎಂದು ಬರೆಯತಕ್ಕದ್ದು. ಎಂಟು ದಿನಕ್ಕೊಮ್ಮೆ ಇಡೀ ಓಣಿಗೆ ಒಟ್ಟಿಗೇ ಹೊಟ್ಟೆ ನೋಯುವುದು ಬೇರೆ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

೬. ಊರಿನ ಪ್ರಾಥಮಿಕ ಶಾಲೆಯ ೧೯೯೬ರ ದಾಖಲಾತಿ ಪುಸ್ತಕದಲ್ಲಿ ಶ್ರೀಶೈಲನ ಹೆಸರಿನ ಮುಂದೆ, "ಶಾಲೆ ಬಿಟ್ಟ ಕಾರಣ" ಎಂಬಲ್ಲಿ "ನೀರು" ಎಂದು ಬರೆದಿರುವುದು ಕಂಡುಬಂದಿದೆ. ಅದನ್ನು ಕೂಡಲೇ "ದಡ್ಡ" ಎಂದು ತಿದ್ದತಕ್ಕದ್ದು.

೭. ಅಂಗಡಿಯ ಗೋಡೆಗೆ ದಿ. ೨೭-೦೮ರಂದು ದುಂಡಪ್ಪನವರು ಖುದ್ದು ನಿಂತು ಸುಣ್ಣ ಬಳಿಸಿದ್ದಾರೆ. ಅಷ್ಟರೊಳಗೆ ಓಣಿಯ ಹೆಂಗಸರು ಪಟ್ಟಿಯನ್ನು ಬಾಯಿಪಾಠ ಮಾಡಿದ್ದು, ಬಾಯಿಗಳಿಗೆ ಸುಣ್ಣ ಬಳಿಯಲು ಪ್ರಸಕ್ತ ಸಾಲಿನಲ್ಲಿ ಅನುದಾನವಿರುವುದಿಲ್ಲ.

೮. ದಿ. ೦೩-೦೯ರಂದು ಬೆಳಿಗ್ಗೆ ದುಂಡಪ್ಪನವರ ಸ್ವಂತ ಮನೆಯಲ್ಲಿ ಹಂಡೆ ಬರಿದಾಗಿ, ಅವರ ಪತ್ನಿ ಸಿದ್ದಲಿಂಗವ್ವನವರು "ಆ ಆಫೀಸಿನ್ಯಾಗ ಕುಂತ ಏನ್ ಮಾಡ್ತೀರೋ ಯಾರಿಗ್ಗೊತ್ತ! ಹೋಗ್ರಿ, ಆ ಪಂಚರ್ ಹುಡುಗನ್ನರೆ ಕೇಳ್ಕೊಂಡ ಬರ್ರಿ" ಎಂದು ಮೌಖಿಕ ಆದೇಶ ಹೊರಡಿಸಿದರು. ಅದರಂತೆ ದುಂಡಪ್ಪನವರು ಅಂಗಡಿಗೆ ಹೋಗಿ, ಲಗಮವ್ವನೂ ಸೇರಿ ಎಂಟು ಜನರ ಎದುರಿಗೆ, "ತಮ್ಮಾ ಶ್ರೀಶೈಲಾ, ನಮ್ಮ ಓಣಿಗೆ ನೀರ ಯಾವತ್ತಪಾ?" ಎಂದು ಕೇಳಿದರು. ಶ್ರೀಶೈಲ ಸುಣ್ಣ ಬಳಿದ ಗೋಡೆಯನ್ನು ನೋಡಿದನು. ದುಂಡಪ್ಪನವರನ್ನು ನೋಡಿದನು. ಕೈಯ ಮಸಿ ಒರೆಸಿಕೊಂಡು, ಶಾಲೆಗೆ ಹೊರಟು ಅಂಗಡಿಯ ಮುಂದೆ ನಿಂತಿದ್ದ ತಂಗಿಯ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು, ಆಕೆಯ ಜೊತೆ ಶಾಲೆಯ ಕಡೆಗೆ ನಡೆದುಹೋದನು.

೯. ಕೇಳಿದ್ದಕ್ಕೆ ಉತ್ತರ ಕೊಡದಿರುವ ಅಧಿಕಾರ ಈ ಇಲಾಖೆಗೆ ಮಾತ್ರ ಇದ್ದು, ಖಾಸಗಿ ವ್ಯಕ್ತಿಯೊಬ್ಬ ಅದನ್ನು ಹಾಡಹಗಲೇ ಚಲಾಯಿಸಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸದರಿ ಪಂಚರ್ ಅಂಗಡಿಗೆ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಿ ಮೂವತ್ತು ದಿನ ಕಾಯಲು ದುಂಡಪ್ಪನವರಿಗೆ ಅನುಮತಿ ನೀಡಲಾಗಿದೆ. ಅಲ್ಲಿಯವರೆಗೆ ಅವರು ಜಳಕವಿಲ್ಲದೆ ಕರ್ತವ್ಯಕ್ಕೆ ಹಾಜರಾಗತಕ್ಕದ್ದು.

ಸಹಿ/-
(ಯಾರದೆಂದು ತಿಳಿಯದಂತೆ ಮಾಡಲಾಗಿದೆ)
ಗುಟ್ಟಿನ ಅಧಿಕಾರಿ

ಪ್ರತಿಗಳು:
೧. ದಾವಲಸಾಬರ ತಲೆಗೆ, ಪಟ್ಟಿಯ ಪಕ್ಕದಲ್ಲಿ ಇಟ್ಟುಕೊಳ್ಳಲು.
೨. ಶಾಲೆಯ ಅಕ್ಕೋರಿಗೆ, ಹೊಟ್ಟೆನೋವಿನ ಮಾದರಿ ಚೀಟಿಯೊಂದಿಗೆ.
೩. ಲಗಮವ್ವನಿಗೆ, ಓದು ಬಾರದ್ದರಿಂದ ಭಯವಿಲ್ಲದೆ ಕೊಡಲಾಗಿದೆ.
೪. ಸಿದ್ದಲಿಂಗವ್ವನವರಿಗೆ, ಬರಿದಾದ ಹಂಡೆಯ ಬಾಯಿಗೆ ಮುಚ್ಚಲು.
೫. ಶ್ರೀಶೈಲ, ಪಂಚರ್ ಅಂಗಡಿ: ಮುಟ್ಟಿಸಲು ಹೋದಾಗ ಅಂಗಡಿ ಮುಚ್ಚಿತ್ತು. ಆ ದಿನ ಅವರ ಓಣಿಗೆ ನೀರು.