ಅಲ್ ಶಮಾಲಿನಲ್ಲಿ ನಾನು ಹಿಡಿದ ಹಮೂರ್

ಸುರತ್ಕಲ್‌ನಲ್ಲಿ ಹುಟ್ಟಿದವನಿಗೆ ಮೀನು ಹಿಡಿಯಲು ಬಂದೇ ಬರುತ್ತದೆ ಎಂದು ದೋಹಾದ ನಮ್ಮ ಆಫೀಸಿನವರೆಲ್ಲ ನಂಬಿದ್ದರು. ಕ್ರಮೇಣ ನಾನೂ ನಂಬಿದೆ. ವಾಸ್ತವದಲ್ಲಿ ನಮ್ಮ ಮನೆಗೆ ಮೀನು ಬರುತ್ತಿದ್ದುದು ಮಾರುಕಟ್ಟೆಯಿಂದ, ಅದೂ ಅಮ್ಮನ ಚೌಕಾಸಿಯ ಬಲದಿಂದ.

ಆ ನಂಬಿಕೆಯ ಅಮಲಿನಲ್ಲಿ ಮ್ಯಾನೇಜರ್ ನಾಯರ್ ದಂಪತಿಯನ್ನು ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಕರೆದುಬಿಟ್ಟೆ. ಅಂದು ಬೆಳಿಗ್ಗೆ ನಾನೇ ಹಿಡಿದ ದೊಡ್ಡ ಹಮೂರ್ ಮೀನಿನ ಸಾರು ಬಡಿಸಲಾಗುವುದೆಂದೂ ಘೋಷಿಸಿದೆ.

ಸುದ್ದಿ ಕೇಳಿದ ನನ್ನ ಹೆಂಡತಿ ಸುಮತಿ ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದಳು.

"ಮೀನಿಗೆ ಹೇಳಿದ್ದೀರಾ?" ಎಂದಳು.

ನಾನು ವಿಚಲಿತನಾಗಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ವಾರವಿಡೀ ಅಧ್ಯಯನ ನಡೆಸಿದ್ದೆ. ನೀರು ತಣ್ಣಗಾದರೆ ದೊಡ್ಡ ಮೀನು ಎಲ್ಲಿ ಅಡಗುತ್ತದೆ, ಗಾಳಿ ತಿರುಗಿದರೆ ಎತ್ತ ಹೋಗುತ್ತದೆ, ಎಲ್ಲವೂ ಕಂಠಪಾಠ!

ಉಡುಪಿ ಕಡೆಯ ಗೆಳೆಯ ಲ್ಯಾನ್ಸಿ ತನ್ನ ಕಾರು ಮತ್ತು ಹೊಸ ಡಿಜಿಟಲ್ ಕ್ಯಾಮೆರಾ ತಂದ. ಬೆಳಗಾಗುವ ಹೊತ್ತಿಗೆ ಕತಾರಿನ ಉತ್ತರ ತುದಿಯ ಅಲ್ ಶಮಾಲಿನ ಕಡಲ ದಡದಲ್ಲಿದ್ದೆವು. ನೀರಿಗೆ ಕೈ ಅದ್ದಿ, ಹಣೆ ಗಂಟಿಕ್ಕಿ, ಗಾಳಕ್ಕೆ ಸೀಗಡಿ ಸಿಕ್ಕಿಸಿ ಎಸೆದೆ. ಗಾಳಿ ತಿರುಗಿತು; ಶಾಸ್ತ್ರೋಕ್ತವಾಗಿ ಜಾಗ ಬದಲಿಸಿದೆ. ನೀರು ಕದಡಿತು, ಮತ್ತೆ ಬದಲಿಸಿದೆ. ಒಂದು ಕಡೆ ಸುಮ್ಮನೆ ಕೂರೋಣವೆಂದು ಲ್ಯಾನ್ಸಿ ಬೇಡಿಕೊಂಡ. ವಿಜ್ಞಾನ ಕೂರಲು ಬಿಡುವುದಿಲ್ಲ ಎಂದು ಅವನಿಗೆ ತಿಳಿಹೇಳಿದೆ.

ಅಷ್ಟರಲ್ಲಿ ಸಮುದ್ರವೇ ಜಾಗ ಬದಲಿಸತೊಡಗಿತು! ಇಳಿತದ ನೀರು ಹಿಂದೆ ಹಿಂದೆ ಸರಿಯಿತು. ಬಸ್ಸು ತಪ್ಪಿದವನಂತೆ ನಾನು ಅದರ ಬೆನ್ನು ಹತ್ತಿದೆ. ಒಂದು ಚಪ್ಪಲಿ ಕೆಸರಿನ ಪಾಲಾಯಿತು. ಗೂಗಲ್ ಈ ಬಗ್ಗೆ ಏನೂ ಹೇಳಿರಲಿಲ್ಲವಲ್ಲ ಎಂದು ಗೊಣಗಿದೆ.

"ನೀನು ಓದಿದ್ದು ಎಂತದ್ದು ಮಾರಾಯ?" ಎಂದ ಲ್ಯಾನ್ಸಿ.

ಅಮೆರಿಕದ ಕೆರೆಗಳಲ್ಲಿ ಬಾಸ್ ಎಂಬ ಮೀನು ಹಿಡಿಯುವ ಬಗ್ಗೆ ಎಂದೆ.

"ಕೆರೆ ಎದ್ದು ನಡೀತದಾ? ಇದು ಸಮುದ್ರ. ಯಲ್ಲಾ, ನಡಿ, ಮನೆಗೆ ಹೋಗುವ. ಅಲ್ಲಿ ನಿನ್ನ ಬಾಸ್ ಕಾಯ್ತಿದ್ದಾರೆ."

ಸೋತು, ಗಾಳದ ಕೋಲನ್ನು ಹೆಗಲಿಗೇರಿಸಿ ಮೊಣಕಾಲುದ್ದದ ನೀರಿನಲ್ಲಿ ಹಿಂದಿರುಗುತ್ತಿದ್ದೆ. ಸುತ್ತಲು ಮರೆತ ದಾರ, ಸೀಗಡಿಯ ಸಮೇತ, ನೀರಿನಲ್ಲಿ ಹಿಂದೆ ಎಳೆದುಕೊಂಡು ಬರುತ್ತಿತ್ತು. ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಜಗ್ಗಿದರು. ಹಮೂರ್! ಅದೂ ಎಂಥದ್ದು! ಇಬ್ಬರೂ ಸೇರಿ ಎಳೆದು, ತಬ್ಬಿ ಹಿಡಿದೆವು. ಆಗಲೇ ಚೀಲಕ್ಕೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಫೋಟೋ ಚೆನ್ನಾಗಿ ಬರಲೆಂದು ಅದರ ಬಾಯಿಂದ ಗಾಳ ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೀನು ಪೂರ್ತಿ ಕಾಣುವಂತೆ ಇನ್ನೂ ಹಿಂದೆ ಹೋಗಲು ಲ್ಯಾನ್ಸಿಗೆ ಅಪ್ಪಣೆ ಕೊಟ್ಟೆ.

ಲ್ಯಾನ್ಸಿ ನಗಲು ಹೇಳಿದ. ನಾನು ನಕ್ಕೆ. ಮೀನು ನಗಲಿಲ್ಲ. ಕ್ಯಾಮೆರಾ ಕ್ಲಿಕ್ಕೆನ್ನುವ ಹೊತ್ತಿಗೇ ಒಮ್ಮೆ ಬಾಲ ಬಡಿದು, ನೀರಿಗೆ ಜಾರಿ ಹೊರಟೇಹೋಯಿತು.

ಮನೆಗೆ ಬಂದರೆ ಅತಿಥಿಗಳು ಊಟಕ್ಕೆ ಕುಳಿತಿದ್ದರು. ನಾನು ಹೊರಟ ಮರುಕ್ಷಣವೇ ಸುಮತಿ ಬೇಯಲು ಇಟ್ಟಿದ್ದ ಮೊಟ್ಟೆಗಳು ಸಾರಿನಲ್ಲಿ ತೇಲುತ್ತಿದ್ದವು. ನಡೆದುದನ್ನೆಲ್ಲ ನಾನು ಸವಿಸ್ತಾರವಾಗಿ ವಿವರಿಸಿದೆ. ಮೀನು ಎಷ್ಟು ದೊಡ್ಡದಿತ್ತೆಂದು ನಾಯರ್ ಮರುಕದಿಂದ ಕೇಳಿದರು. ಲ್ಯಾನ್ಸಿ ಉತ್ಸಾಹದಿಂದ ಕ್ಯಾಮೆರಾವನ್ನು ಟೀವಿಗೆ ಜೋಡಿಸಿದ.

ಪರದೆಯ ತುಂಬ ಸಮುದ್ರ. ನಡುವೆ ಬಾಯಿ ಕಿಸಿದುಕೊಂಡ ನಾನು. ಮೀನಿಲ್ಲ. ಖಾಲಿ ಕೈಗಳೆರಡೂ ಅಗಲವಾಗಿ ಚಾಚಿದ್ದವು, ಸುಳ್ಳು ಹೇಳುವವರು "ಇಷ್ಟುದ್ದ ಇತ್ತು" ಎಂದು ತೋರಿಸುತ್ತಾರಲ್ಲ, ಥೇಟ್ ಹಾಗೆ.

"ಒಳ್ಳೆಯ ಸೈಜ್" ಎಂದರು ನಾಯರ್ ಗಂಭೀರವಾಗಿ, ಮತ್ತು ಇನ್ನೊಂದು ಮೊಟ್ಟೆ ಹಾಕಿಸಿಕೊಂಡರು.

ನಾನೂ ಒಂದು ಹಾಕಿಸಿಕೊಂಡೆ. ಜಾರದಂತೆ ಗಟ್ಟಿಯಾಗಿ ಹಿಡಿದುಕೊಂಡೇ ತಿಂದೆ.