ಉಡಿ ತುಂಬಿದ ಕಾರು

ಹೊಸಪೇಟೆಯ ವಕೀಲ ಪ್ರಭಂಜನರಾಯರ ಕಾರು ಓಡಿದ್ದಕ್ಕಿಂತ ಅಂಗಳದಲ್ಲಿ ನಿಂತದ್ದೇ ಹೆಚ್ಚು. ಸಂಡೂರಿನ ಗಣಿಯ ಬಿಳಿ ದೊರೆಯೊಬ್ಬ ಯುದ್ಧಕ್ಕೆ ಹೊರಟಾಗ ಅದನ್ನು ಅಗ್ಗಕ್ಕೆ ಇವರ ಕೊರಳಿಗೆ ಕಟ್ಟಿ ಪಾರಾಗಿದ್ದ. ಓಣಿಯ ಬೆಕ್ಕು ಅದರೊಳಗೆ ಎರಡು ಸಲ ಮರಿ ಹಾಕಿತ್ತು.

ಆ ಬೆಳಿಗ್ಗೆ ಹೆಂಡತಿ ಗೋದಾಬಾಯಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

“ಸಂಜಿಯೊಳಗ ಅದು ಮನಿ ಬಿಡಬೇಕು. ಇಲ್ಲಾಂದ್ರ ನಾ ಬಿಡ್ತೀನಿ, ಕಂಪ್ಲಿಗೆ ನಮ್ಮಪ್ಪನ ಮನಿಗೆ ಹೋಗ್ತೀನಿ!”

ಪುಣ್ಯಕ್ಕೆ ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯ ಅದೇ ಸಂಜೆ ಕಾರು ಕೊಳ್ಳಲು ಬರುವವರಿದ್ದರು. ಅಷ್ಟರಲ್ಲಿ ಇಂಜಿನ್ ‘ಗುರ್’ ಎನ್ನಬೇಕಿತ್ತು. ಅದರ ‘ತಲೆ’ ಎನ್ನುವ ಮೇಲ್ಮುಚ್ಚಳದಡಿಯ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟುಹೋಗಿತ್ತು. ತಲೆ ಎತ್ತುವ ಮೊದಲು ರೇಡಿಯೇಟರಿನ ನೀರು ಬಸಿಯಬೇಕು, ಇಲ್ಲದಿದ್ದರೆ ಅದು ಕೆಳಗಿನ ಎಣ್ಣೆಗೆ ಸೇರುತ್ತದೆ ಎಂಬುದು ರಾಯರಿಗೆ ಗೊತ್ತಿತ್ತು. ನೀರನ್ನೆಲ್ಲ ಬಕೆಟ್ಟಿಗೆ ಬಸಿದು, ನಲ್ಲಿ ಮುಚ್ಚಿ, ನಿಶ್ಚಿಂತೆಯಿಂದ ಊಟಕ್ಕೆ ಹೋದರು.

ಊಟ ಮುಗಿಸಿ ಬಂದು, ನಟ್ಟು ಬಿಚ್ಚಿ ತಲೆ ಎತ್ತಿದರೆ ಗಳಗಳನೆ ನೀರು ಒಳಗಿಳಿಯಿತು! ಬಸಿದ ನೀರು ಮತ್ತೆ ಹುಟ್ಟುವುದುಂಟೆ? ರಾಯರು ಕಕ್ಕಾಬಿಕ್ಕಿಯಾಗಿ ಬಕೆಟ್ಟಿನತ್ತ ನೋಡಿದರು. ಅದು ಖಾಲಿಯಾಗಿತ್ತು.

“ನಾನ ತುಂಬೀನ್ರಿ ರಾಯರ,” ಎಂದರು ಪಕ್ಕದ ಮನೆಯ ಶಾಂತಕ್ಕ. “ಮನಿ ಬಿಟ್ಟು ಹೋಗೋದನ್ನ ಖಾಲಿ ಹೊಟ್ಟೀಲೆ ಕಳಸ್ತಾರೇನು? ಹೆಣ್ಣುಮಗಳಿಗೆ ಉಡಿ ತುಂಬ್ತೀವಿ, ಇದಕ್ಕ ನೀರರ ಬ್ಯಾಡೇನು? ಕುಂಕುಮಾನೂ ಹಚ್ಚೀನಿ, ನೋಡ್ರಿ.”

ರಾಯರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಎದುರುಮನೆಯ ಕಿರಾಣಿ ಅಂಗಡಿ ಗಾದಿಲಿಂಗಪ್ಪ ಬಂದರು.

“ಹ್ಯಾಂಡಲ್ ಹಾಕಿ ಜೋರು ತಿರುವ್ರಿ. ನೀರು ತಾನ ಹೊರಗ ಹಾರ್ತೈತಿ.”

ರಾಯರು ಬೆವರು ಸುರಿಸಿ ತಿರುವಿದರು. ಇಂಜಿನ್ನಿನ ಅಡಿಯ ಬಿರಡೆ ಬಿಚ್ಚಿದಾಗ ಎಣ್ಣೆಯ ಬದಲು ಕಡೆದ ಮಜ್ಜಿಗೆಯಂಥದು ಸುರಿಯಿತು.

“ಚಿಂತಿ ಬ್ಯಾಡ್ರಿ,” ಎಂದರು ಗಾದಿಲಿಂಗಪ್ಪ. “ಬೆಣ್ಣಿ ಕಾಸಿದಂಗ ಕಾಸ್ರಿ, ನೀರು ಆರ್ತೈತಿ.”

ಕೈಗೆ ಸಿಕ್ಕಿದ ಪಾತ್ರೆಯಲ್ಲಿ ರಾಯರು ಕಾಸಿದರು. ಅದು ಚಟಚಟ ಸಿಡಿದು, ಉಕ್ಕಿ, ಅಂಗಳವನ್ನೆಲ್ಲ ಕರ್ರಗೆ ಮಾಡಿತು. ಗೋದಾಬಾಯಿ ಹೊರಗೆ ಬಂದು ನೋಡಿದರು.

“ಅಯ್ಯೋ, ನನ್ನ ಮಡಿ ಪಾತ್ರಿ!”

ಅವರು ಒಳಗೆ ಹೋಗಿ ಟ್ರಂಕು ಎಳೆದ ಸದ್ದು ಕೇಳಿಸಿತು. ಗಾದಿಲಿಂಗಪ್ಪನವರಿಗೂ ನಾಚಿಕೆಯಾಗಿ, ಓಡಿಹೋಗಿ ಯಾರದೋ ಗಿರಣಿಯಿಂದ ಹೊಸ ಇಂಜಿನ್ ಎಣ್ಣೆ ತಂದರು. ರಾಯರು ತಮ್ಮ ಹಳೆಯ ಧೋತರ ಹರಿದು ಇಂಜಿನ್ನಿನ ಮೂಲೆಮೂಲೆ ಒರೆಸಿದರು. ಹೊಸ ಗ್ಯಾಸ್ಕೆಟ್ ಕೂರಿಸಿ, ತಲೆ ಬಿಗಿದು, ಎಣ್ಣೆ ಹಾಕಿ, ನೀರನ್ನು ತಾವೇ ತುಂಬಿ, ಶ್ರೀಹರಿಯನ್ನು ನೆನೆದು ಹ್ಯಾಂಡಲ್ ತಿರುವಿದರು.

ಇಂಜಿನ್ ‘ಗುರ್’ ಎಂದಿತು! ರಾಯರ ಕಣ್ಣಲ್ಲಿ ನೀರು ಬಂತು.

“ಗೋದೂ, ಟ್ರಂಕ್ ಬಿಚ್ಚು! ಕಾರು ಹೊಂಟಿತು!”

ಅದೇ ಹೊತ್ತಿಗೆ ಕೊಟ್ರಯ್ಯ ನಾಲ್ಕು ಆಳುಗಳೊಡನೆ, ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದರು.

“ಇಂಜಿನ್ ಹೆಂಗದ ಕೇಳ್ರಿ! ಮಸ್ತ್ ಅದ!” ಎಂದರು ರಾಯರು.

“ಮೊದ್ಲು ಬಂದ್ ಮಾಡ್ರಿ, ಎತ್ತು ಬೆದರ್ತಾವು.”

“ಎತ್ತು ಯಾಕ್ರಿ?”

“ಈ ಯುದ್ಧದಾಗ ಪೆಟ್ರೋಲ್ ಯಾರಪ್ಪ ಕೊಡ್ತಾನ್ರಿ? ನಮ್ಮ ಹುಡುಗನ ಮದುವಿ ಮೆರವಣಿಗಿಗೆ ಬರೀ ಗಾಡಿ ಸಾಕು, ಎತ್ತು ಕಟ್ತೀವಿ. ಇಂಜಿನ್ ಭಾಳ ಭಾರ, ಇಲ್ಲೇ ಇಳಿಸಿ ಹೋಗ್ತೀವ್ರಿ.”

ಆಳುಗಳು ಇಂಜಿನ್ ಬಿಚ್ಚಿ, ಹೊತ್ತು, ಹೊಸ್ತಿಲ ಮುಂದೆಯೇ ಇಳಿಸಿದರು. ಗೋದಾಬಾಯಿ ಒಮ್ಮೆ ಇಂಜಿನ್ ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ಆಮೇಲೆ ಟ್ರಂಕು ತಂದು ಕಾರಿನೊಳಗಿಟ್ಟರು.

“ಕೊಟ್ರಯ್ಯನೋರ, ಕಂಪ್ಲಿಗೇ ಹೊಂಟೀರಲ್ಲ?”

“ಹೌದ್ರೆವ್ವಾ.”

“ಹಂಗಾರ ನಾನೂ ಬರ್ತೀನಿ.”

ಕೊಂಡಾಗಿನಿಂದ ಗೋದಾಬಾಯಿಯವರನ್ನು ಒಮ್ಮೆಯೂ ತವರು ಮುಟ್ಟಿಸದಿದ್ದ ಕಾರು ಅಂದು ಎಣ್ಣೆಯಿಲ್ಲದೆ, ನೀರಿಲ್ಲದೆ ಸಲೀಸಾಗಿ ಕಂಪ್ಲಿಯ ದಾರಿ ಹಿಡಿಯಿತು. ರಾಯರ ಪಾಲಿಗೆ, ಎಣ್ಣೆಗೆ ಒಂದು ಹನಿಯೂ ನೀರು ಸೇರದ ಚೊಕ್ಕ ಇಂಜಿನ್ ಉಳಿಯಿತು.