ದೊಡ್ಡತ್ತೆಗೆ ಬೇಕಾದ ಸೀಟು

ಹತ್ತು ಗಂಟೆ ಹಾರುವ ವಿಮಾನದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸೀಟು ಯಾವುದು ಎಂಬ ಸಂಶಯ ನಿಮಗಿದ್ದರೆ ಮೊಬೈಲಿನಲ್ಲಿ ಹುಡುಕುತ್ತ ಕೂರಬೇಡಿ. ವರ್ಷಕ್ಕೆರಡು ಸಲ ಗಲ್ಫಿಗೆ ಹೋಗಿಬರುವವರನ್ನೂ ಕೇಳಬೇಡಿ. ಅವರು ಕೂತ ಕೂಡಲೇ ನಿದ್ದೆ ಹೋಗುವ ಪುಣ್ಯವಂತರು! ನೆಟ್ಟಗೆ ಮೂಡುಬಿದಿರೆಗೆ ಬಂದು ನನ್ನ ದೊಡ್ಡತ್ತೆಯನ್ನು ಕೇಳಿ. ಅಪ್ಪನ ಅಕ್ಕ, ಅರವತ್ತಾರು ವರ್ಷ, ನಿವೃತ್ತ ಗಣಿತದ ಟೀಚರ್. ಮೊನ್ನೆಮೊನ್ನೆಯವರೆಗೆ ಅವರು ವಿಮಾನದ ಹೊಟ್ಟೆಯನ್ನು ಮಾತ್ರ ಕಂಡವರು. ಅದೂ ಅಂಗಳದಲ್ಲಿ ನಿಂತು, ಕತ್ತೆತ್ತಿ.

ಸೀಟು ಆರಿಸುವ ಈ ವಿದ್ಯೆ ಅವರಿಗೆ ಒಲಿದದ್ದು ಬಸ್ಸಿನಲ್ಲಿ. ಮೂವತ್ತು ವರ್ಷ ಮೂಡುಬಿದಿರೆಯಿಂದ ಬೆಳ್ತಂಗಡಿಯ ಶಾಲೆಗೆ ದಿನಾ ಓಡಾಡಿದವರಲ್ಲವೇ? ಬೆಳಗ್ಗೆ ಹೋಗುವಾಗ ಬಿಸಿಲು ಎಡಕ್ಕೆ, ಸಂಜೆ ಬರುವಾಗಲೂ ಎಡಕ್ಕೆ. ಆದ್ದರಿಂದ ಅವರು ಹೋಗುವಾಗಲೂ ಬಲ, ಬರುವಾಗಲೂ ಬಲ.

"ಟೀಚರೇ, ಹತ್ತಿ, ಸೀಟು ಉಂಟು!" ಎಂದು ಕಂಡಕ್ಟರ್ ಕೂಗುತ್ತಿದ್ದ.

"ಯಾವುದು?"

"ಹಿಂದೆ, ಚಕ್ರದ ಮೇಲೆ."

"ಚಕ್ರದ ಮೇಲೆ ನೀನು ಕೂತುಕೋ ಮಾರಾಯ. ನಾನು ಮುಂದಿನದ್ದರಲ್ಲಿ ಬರ್ತೇನೆ."

ಅವರಿಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳಬೇಡಿ. ನೋಡಲು ಬಂದ ಗಂಡುಗಳನ್ನೂ ಹೀಗೆಯೇ 'ಮುಂದಿನದ್ದರಲ್ಲಿ ಬರ್ತೇನೆ' ಎಂದು ಮುಂದಕ್ಕೆ ಕಳಿಸಿರಬೇಕು!

ಇಂಥವರಿಗೆ ವಿಮಾನದ ಗೊಡವೆ ಯಾಕೆ? ಲಂಡನ್ನಿನಲ್ಲಿ ಅವರ ತಂಗಿ ಇದ್ದಾರೆ, ನಮ್ಮ ಸಣ್ಣತ್ತೆ. ಮಂಗಳೂರಿನಲ್ಲಿ ನರ್ಸ್ ಆಗಿದ್ದಾಗ ಬೇರೆ ಜಾತಿಯವರನ್ನು ಮದುವೆಯಾದರು. ಅಜ್ಜ ಮನೆಯ ಬಾಗಿಲು ಮುಚ್ಚಿಸಿದರು. ಇದು ಮೂವತ್ತಮೂರು ವರ್ಷದ ಹಿಂದಿನ ಮಾತು. ಅಜ್ಜ ತೀರಿಕೊಂಡ ಮೇಲೆ ಸಣ್ಣತ್ತೆ ಭಾನುವಾರ ಸಂಜೆ ನಾಲ್ಕಕ್ಕೆ ಫೋನು ಮಾಡಲು ಶುರುಮಾಡಿದರು. ದೊಡ್ಡತ್ತೆ ಮೂರು ಗಂಟೆಗೇ ಫೋನಿನ ಪಕ್ಕದಲ್ಲಿ ಕೂತಿರುತ್ತಿದ್ದರು. ವಿಡಿಯೊ ಕರೆ ಮಾಡಿಕೊಡುತ್ತೇನೆಂದರೆ ಕೇಳುವವರಲ್ಲ. "ಮುಖ ನೋಡುವುದಾದರೆ ಎದುರೇ ನೋಡುವ" ಎಂಬುದು ಅವರ ಹಟ.

"ಊರಿಗೆ ಬಾ ಮಾರಾಯ್ತಿ" ಎಂದು ಇವರು.

"ಫೋನಿನಲ್ಲಿ ಕರೆದರೆ ಬರುವವಳಲ್ಲ ನಾನು. ಕರೆಯುವ ಕ್ರಮ ಉಂಟಲ್ಲ? ಮನೆಗೆ ಬಂದು ಕರೆ. ನೀನೇ ಬಾ ಅಕ್ಕ" ಎಂದು ಅವರು.

ನಮ್ಮ ಕಡೆ ಮದುವೆಗಾದರೂ ಪೂಜೆಗಾದರೂ ಮನೆಗೆ ಹೋಗಿ ಹೇಳಿಕೆ ಕೊಡಬೇಕು, ಎಂದರೆ ಎದುರು ನಿಂತು ಬಾಯಾರೆ ಕರೆಯಬೇಕು. ಆ ಮನೆ ಪಕ್ಕದ ಓಣಿಯಲ್ಲಿದ್ದರೇನು, ಲಂಡನ್ನಿನಲ್ಲಿದ್ದರೇನು! ನ್ಯಾಯವಾದ ಮಾತು ಎಂದು ದೊಡ್ಡತ್ತೆ ಒಪ್ಪಿಕೊಂಡರು. ಆದರೆ, "ಒಳ್ಳೆಯ ಸೀಟು ಸಿಗಲಿ, ಬರ್ತೇನೆ."

ಒಳ್ಳೆಯ ಸೀಟು ಎಂದರೆ ಏನೆಂದು ಹೇಳುತ್ತೇನೆ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ದೊಡ್ಡತ್ತೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಆಕಾಶದಲ್ಲಿ ಸೂರ್ಯ ಮುಳುಗುವುದು ಎಷ್ಟು ಗಂಟೆಗೆ? ನಮ್ಮ ಗಡಿಯಾರವೋ, ಲಂಡನ್ನಿನ ಗಡಿಯಾರವೋ? ಬಸದಿಯಲ್ಲಿ ಪೂಜೆ ಮಾಡುವ ಇಂದ್ರರನ್ನೇ ಕೇಳಿದರು. ಅವರು ಕಣ್ಣುಮುಚ್ಚಿ ಆಲೋಚಿಸಿ, "ಕಣ್ಣಿಗೆ ಕಾಣುವಷ್ಟು ಹೊತ್ತು ಉಂಟು, ಕಾಣದಿದ್ದರೆ ಇಲ್ಲ" ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಕಿಟಕಿ ಸೀಟು ಖಾಯಂ ಆಯಿತು. ಮಧ್ಯಾಹ್ನ ಹೊರಟು ಪಶ್ಚಿಮಕ್ಕೆ ಹಾರುವ ವಿಮಾನವಾದ್ದರಿಂದ ಎಡಬದಿಯ ಕಿಟಕಿ. ಆದರೆ ಮೊಣಕಾಲು ನೋವು ಇದೆಯಲ್ಲ? ಗಂಟೆಗೊಮ್ಮೆ ಎದ್ದು ನಡೆಯಬೇಕು. ಆದ್ದರಿಂದ ದಾರಿಯ ಪಕ್ಕದ ಸೀಟೂ ಬೇಕು!

ಇದಕ್ಕೊಂದು ಪ್ರಯೋಗವೂ ನಡೆಯಿತು. ಚಾವಡಿಯಲ್ಲಿ ಕಿಟಕಿಗೆ ತಾಗಿಸಿ ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನಿಟ್ಟು, ಮುಂದೆ ಮಂಡಿಗೆ ತಾಗುವಂತೆ ಬೆಂಚು ಅಡ್ಡ ಹಾಕಿದರು. ಅವರು ಕಿಟಕಿ ಪಕ್ಕ. ನಾನು ನಡು ಸೀಟಿನ ಅಪರಿಚಿತ ಪ್ರಯಾಣಿಕಳು. ಗೊರಕೆ ಹೊಡೆಯಬೇಕೆಂದು ಆಜ್ಞೆಯಾಯಿತು. ಹೊಡೆದೆ. ಪರದೇಶದವರ ನಿದ್ದೆ ಕೆಡಿಸದೆ ದಾಟುವುದು ಹೇಗೆಂದು ನೋಡಲು ದೊಡ್ಡತ್ತೆ ಸೀರೆ ಎತ್ತಿಕಟ್ಟಿ, ನನ್ನ ತಲೆಯನ್ನು ಊರುಗೋಲಿನಂತೆ ಹಿಡಿದು ಒಂದು ಕಾಲು ಆಚೆ ಇಟ್ಟರು. ಕುರ್ಚಿ ಜಾರಿತು. ಅವರು, ನಾನು, ಎರಡು ಕುರ್ಚಿ, ಎಲ್ಲ ಒಟ್ಟಿಗೆ ನೆಲಕ್ಕೆ! ಬಿದ್ದಲ್ಲಿಂದಲೇ ಹೇಳಿದರು: "ನಡು ಸೀಟಿನವಳು ಸಪೂರ ಇರಬೇಕು. ಬರೆದುಕೋ."

ಬಂಟ್ವಾಳದಲ್ಲಿ ಒಬ್ಬ ಟಿಕೆಟ್ ಏಜೆಂಟ್ ಇದ್ದಾನೆ. ಅವನ ಕಂಪ್ಯೂಟರಿನ ಎದುರು ದೊಡ್ಡತ್ತೆ ಪಟ್ಟಿ ಬಿಚ್ಚಿದರು. ಎಡಬದಿಯ ಕಿಟಕಿ. ರೆಕ್ಕೆ ಅಡ್ಡ ಬರಬಾರದು. ಎದುರಿನವರು ಸೀಟನ್ನು ಹಿಂದಕ್ಕೆ ಬಾಗಿಸಬಾರದು. ಕಾಲು ಚಾಚಲು ಜಾಗ. ಶೌಚಾಲಯ ಹತ್ತಿರ, ವಾಸನೆ ದೂರ. ಆತ ಬೆವರು ಒರೆಸಿಕೊಂಡು, "ಟೀಚರೇ, ನೀವು ಹೇಳುವಂಥ ಸೀಟು ಇಡೀ ವಿಮಾನದಲ್ಲಿ ಒಂದೇ ಉಂಟು. ಅದರಲ್ಲಿ ಪೈಲಟ್ ಕೂತಿದ್ದಾನೆ" ಎಂದ.

ನಾಲ್ಕು ವರ್ಷದಲ್ಲಿ ಮೂರು ಸಲ ಟಿಕೆಟ್ ಮಾಡಿ ಮೂರು ಸಲವೂ ರದ್ದು. ಮೊದಲ ಸಲ ಸೀಟು ರೆಕ್ಕೆಯ ಮೇಲೆಯೇ ಬಂತು. ಎರಡನೆಯ ಸಲ ವಿಮಾನವನ್ನೇ ಬದಲಿಸಿ ಇವರನ್ನು ಬಲಕ್ಕೆ ಹಾಕಿದರು. ಮೂರನೆಯ ಸಲ? ಎಡಬದಿ, ಕಿಟಕಿ, ರೆಕ್ಕೆ ದೂರ, ಪಕ್ಕದಲ್ಲಿ ನಾನು. ಅಂದು ದೊಡ್ಡತ್ತೆಯ ಮುಖ ನೋಡಬೇಕಿತ್ತು. ಸೀಟು ಸಿಕ್ಕಿದವರ ಮುಖವಲ್ಲ, ಸಿಕ್ಕಿಬಿದ್ದವರ ಮುಖ! ಹೊರಡುವ ಹಿಂದಿನ ದಿನ ಮೊಣಕಾಲು ಹಿಡಿದುಕೊಂಡು ಮಲಗಿಬಿಟ್ಟರು. ಮರುದಿನ, ವಿಮಾನ ಹೊರಟುಹೋದ ಹೊತ್ತಿಗೆ, ಸರಸರನೆ ನಡೆದು ಬಸದಿಗೆ ಹೋದರು.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಎಷ್ಟು ಹೊತ್ತು ಇಟ್ಟುಕೊಳ್ಳಲಿ ಆ ಸಿಟ್ಟನ್ನು? ಫೋನು ಮುಗಿದ ಮೇಲೂ ಅವರು ಅದನ್ನು ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದರು. ತಂಗಿಯ ಅಡುಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಪ್ರತಿ ವಾರ ಕೇಳುತ್ತಿದ್ದರು. ಎದುರುಮನೆಯ ಕೆಂಪು ಇಟ್ಟಿಗೆಯ ಗೋಡೆ, ಒಂದು ಸೇಬಿನ ಗಿಡ. ಪ್ರತಿ ವಾರವೂ ಅದೇ ಗೋಡೆ, ಅದೇ ಗಿಡ. ಆದರೂ ಕೇಳುತ್ತಿದ್ದರು. ಆಕಾಶದಲ್ಲಿ ಸದ್ದಾದರೆ ಒಲೆಯ ಮೇಲಿನ ಹಾಲು ಬಿಟ್ಟು ಅಂಗಳಕ್ಕೆ ಓಡುವರು. "ಇದು ಪಶ್ಚಿಮಕ್ಕೆ ಹೋಗುವುದಾ?" ಎಂದು ನನ್ನನ್ನು ಕೇಳುವರು. ನಾನೇನು ಕಂಡೆ! "ಹೌದು" ಎನ್ನುತ್ತಿದ್ದೆ.

ಒಂದು ಭಾನುವಾರ ಫೋನಿನ ಮಾತು ಬೇಗ ಮುಗಿಯಿತು. ಹವೆ, ಸೇಬಿನ ಗಿಡ, ಸಣ್ಣತ್ತೆಯ ಬೆನ್ನುನೋವು, ಅಷ್ಟೇ. ದೊಡ್ಡತ್ತೆ ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತರು.

"ಇವತ್ತು ಅವಳು ಬಾ ಅಂತ ಹೇಳಲಿಲ್ಲ."

"ಮರೆತಿರಬೇಕು ಅತ್ತೆ."

"ಇಲ್ಲ ಮಗಾ. ಮರೆಯುವುದಲ್ಲ ಅದು. ಸಾಕಾಯ್ತು ಅವಳಿಗೆ."

ಮರುದಿನ ಬೆಳಗ್ಗೆ ಎದ್ದು ನೋಡುತ್ತೇನೆ, ದೊಡ್ಡತ್ತೆ ಮನೆಯಲ್ಲಿಲ್ಲ. ಹತ್ತೂವರೆಗೆ ಏಜೆಂಟನ ಫೋನು ಬಂತು: "ನಿಮ್ಮ ಅತ್ತೆಗೆ ಹುಷಾರಿಲ್ವಾ? ಬಸ್ಸಿನಲ್ಲಿ ನಿಂತುಕೊಂಡು ಬಂದರಂತೆ. ಇಬ್ಬರಿಗೆ ಟಿಕೆಟ್ ತೆಗೆದರು. ಸೀಟು ಯಾವುದು ಅಂತ ಕೇಳಲೇ ಇಲ್ಲ!" ವೀಸಾ ಮೊದಲೇ ಆಗಿತ್ತು. ನಾಲ್ಕನೆಯ ದಿನ ನಾವು ಬೆಂಗಳೂರಿನಲ್ಲಿ ವಿಮಾನ ಹತ್ತಿದೆವು.

ಸಿಕ್ಕಿದ್ದು ಕಟ್ಟಕಡೆಯ ಸಾಲು, ನಡುವಿನ ಸೀಟು, ಬೆನ್ನಿಗೇ ಶೌಚಾಲಯ. ಕಿಟಕಿ ಎಲ್ಲೋ ಇಬ್ಬರ ಆಚೆ, ಅದಕ್ಕೂ ಮುಸುಕು. ಒಳ್ಳೆಯ ಸೀಟು ಹೇಗಿರಬಾರದು ಎಂದು ನಾಲ್ಕು ವರ್ಷ ಬರೆದಿಟ್ಟ ಪಟ್ಟಿಯೇ ಸೀಟಾಗಿ ಬಂದಿತ್ತು! ಮೊದಲ ಊಟ ಬಂದಾಗ ದೊಡ್ಡತ್ತೆ ನನ್ನನ್ನು ಎಬ್ಬಿಸಿದರು: "ಹೋಗಿ ನೋಡಿ ಬಾ, ಸೂರ್ಯ ಉಂಟಾ?" ಹಿಂಬಾಗಿಲಿನಲ್ಲಿ ಅಂಗೈಯಗಲದ ಗಾಜು ಇತ್ತು. ಬಗ್ಗಿ ನೋಡಿ ಬಂದೆ. ಉಂಟು! ಉಂಡರು. ತಿಂಡಿಗೆ ಮತ್ತೆ ಹೋದೆ. ಗಗನಸಖಿ ನನ್ನನ್ನು ತಡೆದು ವಿಚಾರಿಸಿದಳು, ವಿಷಯ ತಿಳಿಸಿದೆ. ಮೂರನೆಯ ಊಟಕ್ಕೆ ನಾನು ಏಳಬೇಕಾಗಲಿಲ್ಲ. ಅವಳೇ ಬಂದು ಬಾಗಿ, "ಆಂಟಿ, ಸೂರ್ಯ ಇನ್ನೂ ಇದ್ದಾನೆ, ಊಟ ಮಾಡ್ಬೋದು" ಎಂದು ವರದಿ ಒಪ್ಪಿಸಿದಳು.

ದೊಡ್ಡತ್ತೆ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ನೀನು ತಿನ್ನು. ನನಗೆ ಹೋಗುವುದಿಲ್ಲ." ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಹೇಳಿದರು: "ಆ ದಿನ ಅವಳು ಜಗಲಿಯಲ್ಲಿ ನಿಂತಿದ್ದಳು. ಅಪ್ಪನನ್ನು ಕರೆಯಲಿಲ್ಲ. ಅಕ್ಕಾ ಅಂತ ನನ್ನನ್ನು ಕರೆದಳು. ಅಪ್ಪ ಹೇಳಿದ್ದು ಬಾಗಿಲು ಮುಚ್ಚು ಅಂತ ಮಾತ್ರ. ಚಿಲಕ ಹಾಕು ಅಂತ ಹೇಳಲಿಲ್ಲ ಮಗಾ. ಅದನ್ನು ಹಾಕಿದ್ದು ನಾನು. ಆ ಸದ್ದು ಅವಳಿಗೆ ಕೇಳಿದೆ."

ಆ ತಟ್ಟೆಯನ್ನು ನಾನೂ ಮುಟ್ಟದೆ ಹಿಂದಕ್ಕೆ ಕೊಟ್ಟೆ.

ವಿಮಾನ ಒಂದು ಗಂಟೆ ತಡವಾಗಿ ಇಳಿಯಿತು. ಸಾಮಾನು ತೆಗೆದುಕೊಂಡು ಹೊರಗೆ ಬಂದರೆ ಕಂಬಿಯ ಆಚೆ ಜನವೋ ಜನ. ದೊಡ್ಡತ್ತೆ ಟ್ರಾಲಿ ತಳ್ಳುತ್ತ, ಇಪ್ಪತ್ತೈದು ವರ್ಷದ ಕಪ್ಪು ಜಡೆಯ ಹುಡುಗಿಯೊಬ್ಬಳನ್ನು ಹುಡುಕುತ್ತ ಮುಂದೆ ಹೋಗಿಯೇಬಿಟ್ಟರು. ಕತ್ತರಿಸಿದ ಬಿಳಿ ಕೂದಲಿನ, ನೀಲಿ ಕೋಟಿನ ಹೆಂಗಸೊಬ್ಬರು ಪಕ್ಕದಿಂದ ಬಂದು ಟ್ರಾಲಿಯ ಮೇಲೆ ಕೈ ಇಟ್ಟು ನಿಲ್ಲಿಸಿದರು. ದೊಡ್ಡತ್ತೆ ಆ ಕೈ ನೋಡಿದರು, ಆಮೇಲೆ ಮುಖ ನೋಡಿದರು.

"ನೀನು ಅಮ್ಮನ ಹಾಗೆಯೇ ಆಗಿದ್ದೀಯಲ್ಲ!"

ಸಣ್ಣತ್ತೆ ನಗಲು ನೋಡಿದರು, ಆಗಲಿಲ್ಲ. ಮಾತಿಗೊಂದು ಮಾತು ಬೇಕೆಂಬಂತೆ, "ವಿಮಾನ ತಡ ಮಾಡಿತಲ್ಲ ಅಕ್ಕ?" ಎಂದರು.

"ವಿಮಾನ ಅಲ್ಲ ಮಾರಾಯ್ತಿ. ತಡ ಮಾಡಿದ್ದು ನಾನು." ದೊಡ್ಡತ್ತೆ ಸೆರಗು ಸರಿಮಾಡಿಕೊಂಡು, ಹೇಳಿಕೆಗೆ ಹೋದವರು ನಿಲ್ಲುವ ಹಾಗೆ ನೆಟ್ಟಗೆ ನಿಂತರು. "ಕರೆಯಲಿಕ್ಕೆ ಬಂದದ್ದು. ಮನೆಗೆ ಬರಬೇಕು."

ಸಣ್ಣತ್ತೆ "ಹೂಂ" ಎಂದರು. ಟ್ರಾಲಿಯನ್ನು ಬಿಟ್ಟು ಅಕ್ಕನ ಎರಡೂ ಕೈ ಹಿಡಿದುಕೊಂಡರು. ಹಿಂದೆ ಪೆಟ್ಟಿಗೆ ಎಳೆದುಕೊಂಡು ಬಂದವರು ದಾರಿಗಾಗಿ ಕಾಯುತ್ತಿದ್ದರು. ನಾನು ಟ್ರಾಲಿಯನ್ನು ಪಕ್ಕಕ್ಕೆ ಸರಿಸಿದೆ. ಅವರಿಬ್ಬರನ್ನು ಸರಿಸಲು ನನ್ನಿಂದಾಗಲಿಲ್ಲ.